ಲಕ್ಷ್ಮೇಶ್ವರ ಇಲ್ಲದ ಹಾಳೆ

ನಮ್ಮ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಧೂಳು ಕೂಡಬಾರದೆಂದು ನನ್ನದೇ ಹಳೆಯ ಇಳಕಲ್ ಸೀರೆ ಹರಿದು ಅವಕ್ಕೆ ಹೊದಿಕೆ ಹೊಲಿದದ್ದು. ಎರಡನೆಯದು, ಒಂದು ಉದ್ದನೆಯ ರಿಜಿಸ್ಟರ್ ತಂದು, ಅದರ ರಟ್ಟಿನ ಮೇಲೆ ‘ಉಪಯುಕ್ತ ಜಾಲತಾಣಗಳು’ ಎಂದು ದುಂಡಗೆ ಬರೆದ ಚೀಟಿ ಅಂಟಿಸಿದ್ದು. ಮೊದಲನೆಯದರಲ್ಲಿ ಏನೂ ತಪ್ಪಿರಲಿಲ್ಲ. ಎರಡನೆಯದರಲ್ಲಿ ನಾನು ಎಲ್ಲಿ ಎಡವಿದ್ದೆ ಎಂದು ತೋರಿಸಿಕೊಡಲು ಬಳೆ ಮಾರುವ ಒಬ್ಬ ಹೆಣ್ಣುಮಗಳು ಬರಬೇಕಾಯಿತು.

ಡಂಬಳ ದಾಟಿ ಮುಂಡರಗಿ ಕಡೆಗೆ ಹೋಗುವಾಗ ಸಿಗುವ ಒಂದು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು. ಒಂದು ಕೋಣೆ, ಒಂದು ಪಡಸಾಲೆ, ಆರು ಕಪಾಟು. ಕಂಪ್ಯೂಟರ್ ಬರುವ ಮುಂಚೆ ಗದಗದಲ್ಲಿ ಎರಡು ದಿನ ತರಬೇತಿ ಕೊಟ್ಟಿದ್ದರು. ಕಲಿಸಲು ಬಂದಿದ್ದ ಹೆಣ್ಣುಮಗಳು ಚೆನ್ನಾಗಿಯೇ ಹೇಳಿದ್ದಳು: ಜಾಲತಾಣದಲ್ಲಿ ಏನು ಓದಿದರೂ ಅದನ್ನು ಬರೆದವರು ಯಾರು, ಬರೆದದ್ದು ಯಾವಾಗ, ಯಾಕೆ ಎಂದು ನೋಡಿರಿ. ನಾನು ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಕೆಂಪು ಗೆರೆ ಎಳೆದು, ಬಸ್ಸು ಹತ್ತಿ ಊರಿಗೆ ಬಂದು ಮರೆತುಬಿಟ್ಟೆ.

ಮರೆಯಲು ಕಾರಣವಿತ್ತು. ಇಷ್ಟು ವರ್ಷ ಪುಸ್ತಕಗಳ ಜೊತೆ ಕಳೆದವಳು ನಾನು. ಪುಸ್ತಕ ಬಂತೆಂದರೆ ಅದಕ್ಕೊಂದು ನಂಬರು, ಮೊದಲ ಪುಟಕ್ಕೊಂದು ಮೊಹರು, ನಮ್ಮ ಮಾತಿನಲ್ಲಿ ಗುಂಡು ಸಿಕ್ಕಾ, ಆಮೇಲೆ ಕಪಾಟು. ಒಮ್ಮೆ ಸಿಕ್ಕಾ ಬಿದ್ದ ಪುಸ್ತಕ ಕಪಾಟಿನೊಳಗೆ ಕೂತಲ್ಲೇ ತನ್ನ ಮಾತು ಬದಲಿಸುವುದಿಲ್ಲ. ಜಾಲತಾಣವನ್ನೂ ನಾನು ಹಾಗೆಯೇ ತಿಳಿದೆ. ಯಾರಾದರೂ ಬಂದು ಏನಾದರೂ ಕೇಳಿದರೆ ಅವರ ಮಾತನ್ನೇ ಇದ್ದ ಹಾಗೆ ಟೈಪು ಮಾಡುವುದು, ಮೊದಲು ಬಂದದ್ದನ್ನು ತೆರೆಯುವುದು, ಕನ್ನಡದಲ್ಲಿದ್ದರೆ ಖುಷಿಪಡುವುದು, ಪ್ರಿಂಟು ತೆಗೆದು, ರಿಜಿಸ್ಟರಿನಲ್ಲಿ ನಂಬರು ಬರೆದು, ಹಾಳೆಯ ಮೂಲೆಗೆ ಗ್ರಂಥಾಲಯದ ಸಿಕ್ಕಾ ಒತ್ತಿ, ಫೈಲಿಗೆ ಹಾಕುವುದು. ಬೇಕಾದವರು ಅದರ ಝೆರಾಕ್ಸ್ ಒಯ್ಯುತ್ತಿದ್ದರು. ಯಾರು ಯಾವ ನಂಬರಿನ ಹಾಳೆ ಒಯ್ದರು ಎಂಬುದನ್ನು ಮಾತ್ರ ದಿನವಹಿಯಲ್ಲಿ ತಪ್ಪದೆ ಬರೆದಿಡುತ್ತಿದ್ದೆ. ಬರೆದಿಡುವುದು ನನ್ನ ಹುಟ್ಟುಗುಣ. ಮನೆಯಲ್ಲಿ ಹಾಲಿನವ ಬಾರದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು.

ಮೆಣಸಿನಗಿಡದ ಮುಟುರು ರೋಗ, ರೇಷನ್ ಕಾರ್ಡಿನ ತಿದ್ದುಪಡಿ, ಹುಡುಗಿಯರ ವಿದ್ಯಾರ್ಥಿವೇತನ, ಹಾವು ಕಚ್ಚಿದರೆ ಮಾಡುವ ಉಪಚಾರ, ಹೀಗೆ ನಾಲ್ಕು ತಿಂಗಳಲ್ಲಿ ಫೈಲು ದಪ್ಪಗಾಯಿತು. ದಿನಾ ಮುಂಜಾನೆ ಪೇಪರು ಓದಲು ಬರುವ ನಿವೃತ್ತ ಡ್ರಾಯಿಂಗ್ ಮಾಸ್ತರರು ಒಮ್ಮೆ ಅದನ್ನು ಕೈಯಲ್ಲಿ ತೂಗಿ ನೋಡಿ, “ಅಕ್ಕಾರ, ಇಂಟರ್ನೆಟ್ಟಿಗೂ ರಟ್ಟು ಹಾಕಿ ಇಟ್ರಲ್ಲ ನೀವು!” ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಆ ಹೊತ್ತಿಗೆ ಬಂದವಳು ಬಳೆ ಮಾರುವ ‘ಬಳಿ ಭಾಬಿ’. ಊರೆಲ್ಲ ಅವಳನ್ನು ಕರೆಯುವುದೇ ಹಾಗೆ. ತವರು ಲಕ್ಷ್ಮೇಶ್ವರ, ಕೊಟ್ಟದ್ದು ನಮ್ಮೂರಿಗೆ. ಗಂಡ ಗದಗದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಇವಳು ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗುತ್ತಾಳೆ. ಏಳನೆಯ ಇಯತ್ತೆ ಕಲಿತಿದ್ದಾಳೆ. ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ, ಆದರೆ ಓದಿದ್ದನ್ನು ಬಿಡುವುದಿಲ್ಲ. ಅವತ್ತು ಅವಳ ಜೊತೆ ಮಗಳೂ ಇದ್ದಳು. ನಾಲ್ಕು ವರ್ಷ ದಾಟಿದ, ಕಣ್ಣಲ್ಲೇ ಎಲ್ಲ ಮಾತಾಡುವ ಹುಡುಗಿ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ.

“ಗದಗಿನ ಡಾಕ್ಟರ್ ಹೇಳ್ಯಾರ್ರಿ ಅಕ್ಕಾರ, ಕಿವ್ಯಾಗ ಹಾಕೂ ಮಷೀನಿಗೆ ಇದು ಬಗ್ಗೂದಿಲ್ಲಂತ. ಆಪರೇಷನ್ ಮಾಡಿ ಒಳಗೊಂದು ಯಂತ್ರ ಕೂಡ್ಸಬೇಕಂತ. ಸರಕಾರದ ಯೋಜನಿ ಐತಂತ, ಆದ್ರ ವಯಸ್ಸಿನ ಕಟ್ಟು ಐತಂತ. ಎಷ್ಟ್ ವಯಸ್ಸಂತ ನೋಡಿ ಹೇಳ್ರಿ.”

ನನ್ನ ಫೈಲಿನಲ್ಲಿ ಅದೂ ಇತ್ತು. ಬೇರೆ ಯಾರೋ ಕೇಳಿದ್ದಕ್ಕೆ ಒಮ್ಮೆ ತೆಗೆದಿಟ್ಟ ಹಾಳೆ. ನಾನು ಹುಡುಕುವ ಕಷ್ಟವನ್ನೂ ತೆಗೆದುಕೊಳ್ಳದೆ ಹಾಳೆ ಎಳೆದು ಓದಿದೆ. “ಆರು ವರ್ಷ ತುಂಬೂದ್ರೊಳಗ ಅರ್ಜಿ ಕೊಡಬೇಕು. ನಿಂಗಿನ್ನೂ ಭಾಳ ವ್ಯಾಳೆ ಐತಿ ಭಾಬಿ.”

ಅವಳ ಮುಖದ ಬಿಗಿ ಸಡಿಲಾಯಿತು. “ಹಂಗಾರ ಲಗ್ನದ ಸೀಜನ್ ಮುಗಿಸ್ಕೊಂಡ ಹೋಗ್ತೀನ್ರಿ. ಈಗ ಮದುವಿ ಮನಿಯಾವ್ರಿಗೆಲ್ಲ ಮಾತ ಕೊಟ್ಟೇನಿ,” ಎಂದಳು. ಝೆರಾಕ್ಸನ್ನು ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಲಾರದ ಒಳಗೆ ಇಟ್ಟುಕೊಂಡು ಹೋದಳು.

ಮೂರು ವಾರ ಕಳೆದ ಮೇಲೆ ಒಂದು ಸೋಮವಾರ, ನಾನು ಆಗಷ್ಟೇ ಕಸ ಹೊಡೆದು ಕಿಟಕಿ ತೆರೆಯುತ್ತಿದ್ದಾಗ, ಅವಳು ಮಗಳನ್ನು ಕರೆದುಕೊಂಡು ಮತ್ತೆ ಬಂದಳು. ಹಾಳೆಯನ್ನು ಟೇಬಲ್ಲಿನ ಮೇಲೆ ಹರವಿದಳು.

“ಅಕ್ಕಾರ, ಇದು ಯಾವಾಗಿನ ಹಾಳಿ?”

“ಯಾಕ? ಮ್ಯಾಲೆ ನಮ್ಮ ಸಿಕ್ಕಾ ಐತಲ್ಲ.”

“ಸಿಕ್ಕಾ ನಿಮ್ದು, ಖರೆ. ಮಾತು ಯಾರ್ದು?”

ನಾನು ಹಾಳೆ ಎತ್ತಿ ನೋಡಿದೆ. ಹಾಳೆಯ ಮೇಲೆ ಬರೆದವರ ಹೆಸರಿರಲಿಲ್ಲ, ತಾರೀಖು ಇರಲಿಲ್ಲ, ಜಾಲತಾಣದ ವಿಳಾಸವೂ ಅರ್ಧ ಕತ್ತರಿಸಿ ಹೋಗಿತ್ತು. ಇದ್ದದ್ದು ನನ್ನ ಸಿಕ್ಕಾ ಒಂದೇ.

ಅವಳು ಹಾಳೆಯ ಕೆಳಭಾಗದಲ್ಲಿ ಬೆರಳಿಟ್ಟಳು. ಯಾವ ಯಾವ ತಾಲೂಕಿನವರು ಎಲ್ಲೆಲ್ಲಿ ಅರ್ಜಿ ಕೊಡಬೇಕು ಎಂಬ ಪಟ್ಟಿ ಅಲ್ಲಿತ್ತು. “ನಿನ್ನಿ ಮಧ್ಯಾಹ್ನ ಕುಂತು ಎಲ್ಲಾ ಓದೀನ್ರಿ. ಗದಗ ಐತಿ, ಮುಂಡರಗಿ ಐತಿ, ಶಿರಹಟ್ಟಿ, ರೋಣ, ನರಗುಂದ ಎಲ್ಲಾ ಅದಾವ. ಲಕ್ಷ್ಮೇಶ್ವರ ಎಲ್ಲೈತಿ? ನನ್ನ ತವರಮನಿ ತಾಲೂಕು ಆಗಿ ಎಷ್ಟ್ ದಿನಾ ಆತು! ನಮ್ಮಣ್ಣ ಈಗ ಹೊಲದ ಉತಾರ ತಗ್ಯಾಕ ಶಿರಹಟ್ಟಿಗೆ ಹೋಗೂದ ಬಿಟ್ಟಾನ. ಈ ಹಾಳಿಗೆ ಅದ ಗೊತ್ತಿಲ್ಲ. ಅಷ್ಟ ಗೊತ್ತಿಲ್ಲಂದ್ಮ್ಯಾಲೆ ನನ್ನ ಮಗಳ ವಯಸ್ಸಿನ ಮಾತು ಅದಕ್ಕ ಗೊತ್ತೈತಿ ಅಂತ ನಾ ಹೆಂಗ ನಂಬ್ಲಿ?”

ಅಷ್ಟರಲ್ಲಿ ಬಂದು ಪಡಸಾಲೆಯಲ್ಲಿ ಕೂತಿದ್ದ ಮಾಸ್ತರರು ಪೇಪರು ಮಡಚಿ ಇಟ್ಟರು. ನಾನು ಕಂಪ್ಯೂಟರಿನ ಹೊದಿಕೆ ತೆಗೆದೆ.

ಆ ಹಾಳೆ ಬಂದ ಜಾಲತಾಣವನ್ನು ಮೊದಲು ಹುಡುಕಿದೆ. ತೆರೆಯಲೇ ಇಲ್ಲ. ಮತ್ತೆ ಹೊಸದಾಗಿ ಹುಡುಕಿದಾಗ ಬೇಕಾದಷ್ಟು ಪುಟಗಳು ಬಂದವು. ಭಾಬಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಹುಡುಗಿ ಅವಳ ತೊಡೆಯ ಮೇಲೆ. ಮೊದಲನೆಯ ಪುಟದಲ್ಲಿ ಆರು ವರ್ಷವೆಂದಿತ್ತು, ಎರಡನೆಯದರಲ್ಲಿಯೂ ಆರು, ಮೂರನೆಯದರಲ್ಲಿಯೂ ಆರು. “ನೋಡು, ಮೂರು ಕಡೆ ಒಂದ ಮಾತು ಐತಿ,” ಎಂದೆ, ನನ್ನ ಮಾನ ಉಳಿಯಿತೆಂಬ ಸಮಾಧಾನದಿಂದ.

“ತಡೀರಿ, ಹಿಂದಕ್ಕ ಹೋಗ್ರಿ,” ಎಂದಳು. “ಈ ಕೆಂಪ ಅಂಗಿ ಕೂಸು ಅದರಾಗೂ ಇತ್ತು.”

ಹೌದು. ಮೂರೂ ಪುಟಗಳಲ್ಲಿ ಒಂದೇ ಮಗುವಿನ ಫೋಟೋ, ಅದರ ಕೆಳಗೆ ಅದೇ ನಾಲ್ಕು ಸಾಲು. ಮೂವರು ಹೇಳಿದ್ದಲ್ಲ, ಒಬ್ಬರು ಹೇಳಿದ್ದನ್ನು ಇಬ್ಬರು ಎತ್ತಿಕೊಂಡು ಹಾಕಿದ್ದು. ಭಾಬಿ ನಕ್ಕಳು. “ಗದಗಿನ ಪ್ಯಾಟ್ಯಾಗ ಮೂರ ಅಂಗಡ್ಯಾಗ ಬಳಿ ಕೇಳ್ತೀನ್ರಿ ನಾನು. ಮೂರೂ ಮಂದಿ ಒಂದ ಗೋದಾಮಿನ್ಯಾಗಿಂದ ತಂದಿದ್ರ ಮೂರ ಅಂಗಡಿ ಸುತ್ತಿ ಏನ ಬಂತು? ಅದಕ್ಕ ಮೊದ್ಲ ಕೇಳೂದು, ಮಾಲ್ ಎಲ್ಲಿಂದ ಬಂತು ಅಂತ. ಆಮ್ಯಾಲೆ, ಯಾವಾಗ ಬಂತು ಅಂತ. ಕೇಳದನ ‘ನಮ್ದ ಚಲೋ ಐತಿ, ನಮ್ದ ಚಲೋ ಐತಿ’ ಅಂತ ಒದರಾವನ ಕಡೆ ಹೋಗೂದ ಇಲ್ಲ.”

ಹಾಗೆ ಒದರುವ ಪುಟವೂ ಒಂದಿತ್ತು. ತೆರೆದ ಕೂಡಲೇ ಪರದೆ ತುಂಬ ಫೋನ್ ನಂಬರು, ‘ಈಗಲೇ ಹೆಸರು ನೋಂದಾಯಿಸಿ’ ಎಂಬ ಹಳದಿ ಪಟ್ಟಿ. ಇನ್ನೂ ಏನೂ ತಿಳಿಸದೆ ಮಗುವಿನ ಹೆಸರು, ತಂದೆಯ ಹೆಸರು, ಆಧಾರ್ ಸಂಖ್ಯೆ ಕೇಳುತ್ತಿತ್ತು. ನಾನು ತುಂಬಲು ಕೈ ಹಾಕಿದವಳು, ಖರೇನೇ. ಭಾಬಿ ನನ್ನ ಮುಂಗೈ ಹಿಡಿದಳು. “ಬಳಿ ತೋರ್ಸೂಕಿಂತ ಮೊದ್ಲ ಕೈ ಹಿಡಿಯಾವ್ರು ಭಾಳ ಮಂದಿ ಅದಾರ್ರಿ. ಬ್ಯಾಡ, ಮುಚ್ಚರಿ.”

ಮುಚ್ಚಿದೆ. ಇಷ್ಟು ವರ್ಷ ಓದುವವರ ನಡುವೆ ಕೂತ ನನಗೆ, ಎರಡು ದಿನ ತರಬೇತಿ ಪಡೆದು ಬಂದ ನನಗೆ, ಬೆರಳಿಟ್ಟು ಓದುವ ಇವಳು ಓದುವುದನ್ನು ಕಲಿಸುತ್ತಿದ್ದಳು. ನಾಚಿಕೆಯಾಗಬೇಕಿತ್ತು. ಆದರೆ ಅವಳ ಪಕ್ಕದಲ್ಲಿ ಕೂತಾಗ ನಾಚಿಕೆಗೆ ಜಾಗವೇ ಇರಲಿಲ್ಲ. ಅವಳ ಕಣ್ಣು ಪರದೆಯ ಮೇಲೆ ಹೇಗೆ ಹರಿದಾಡುತ್ತಿತ್ತೆಂದರೆ, ನೂರು ಬಳೆಗಳ ನಡುವೆ ಸೀಳು ಬಿಟ್ಟ ಒಂದು ಬಳೆಯನ್ನು ಹುಡುಕುವ ಹಾಗೆ.

ಮಧ್ಯಾಹ್ನ ಕರೆಂಟು ಹೋಯಿತು. ಅವಳು ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ನಾನು ನನ್ನ ಡಬ್ಬಿಯ ಮಡಿಕೆಕಾಳಿನ ಪಲ್ಯ ತೆಗೆದೆ. ಉಂಡು ಮುಗಿಸುವಷ್ಟರಲ್ಲಿ ಕರೆಂಟು ಬಂತು. ಆಮೇಲೆ ಸಿಕ್ಕಿತು ಸರಕಾರಿ ಇಲಾಖೆಯದೇ ಪುಟ. ಅದರೊಳಗೆ ಎರಡು ಕಾಗದ. ಒಂದರಲ್ಲಿ ಆರು ವರ್ಷ, ಇನ್ನೊಂದರಲ್ಲಿ ಐದು. ಎರಡೂ ಇಂಗ್ಲಿಷಿನಲ್ಲಿ, ಎರಡೂ ಓರೆಯಾಗಿ ಸ್ಕ್ಯಾನ್ ಮಾಡಿದವು. ಐದು ವರ್ಷದ ಕಾಗದದಲ್ಲಿ ಸಹಿಯ ಕೆಳಗಿನ ತಾರೀಖು ಅಳಿಸಿದಂತಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡು ಎದ್ದು ಬಂದರು. ನಿಘಂಟು ತೆರೆದು, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಮಗುವಿಗೆ ಐದು ವರ್ಷ ತುಂಬುವ ಮುಂಚೆ, ಎಲ್ಲ ಪರೀಕ್ಷೆಗಳ ವರದಿಯ ಸಮೇತ, ಅರ್ಜಿ ಕೊಟ್ಟಿರಬೇಕು.

“ತಾಲೂಕಿನ ಪಟ್ಟಿ ಓದ್ರಿ ಮಾಸ್ತರ್ರ,” ಎಂದಳು ಭಾಬಿ.

ಅವರು ಓದಿದರು. ಆರು ವರ್ಷದ ಕಾಗದದಲ್ಲಿ ಲಕ್ಷ್ಮೇಶ್ವರ ಇರಲಿಲ್ಲ, ಐದು ವರ್ಷದ ಕಾಗದದಲ್ಲಿ ಇತ್ತು.

ಹೊಸದು ಅದೇ. ಹುಡುಗಿಗೆ ಐದು ತುಂಬಲು ಐದು ವಾರ ಉಳಿದಿತ್ತು. ನನ್ನ ಮಾತು ಕೇಳಿ ಮದುವೆಯ ಸೀಜನ್ ಮುಗಿಸಿ ಹೋಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು.

“ಒಂದ ಗುರುತಿನ ಮ್ಯಾಲೆ ನಾ ಮಾಲ್ ಎತ್ತೂದಿಲ್ರಿ,” ಎಂದಳು ಭಾಬಿ. ದನಿ ಮಾತ್ರ ಸ್ವಲ್ಪ ಸಣ್ಣಗಾಗಿತ್ತು. “ಫೋನ್ ಹಚ್ಚರಿ. ಬಾಯಿಲೆ ಕೇಳೂನು.”

ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅದು ಬೇರೆ ಯಾವುದೋ ಕಚೇರಿಗೆ ಹೋಯಿತು. ಅವರು ಇನ್ನೊಂದು ನಂಬರು ಕೊಟ್ಟರು. ಅದು ಅಂದು ಇಡೀ ದಿನ ಬರೀ ರಿಂಗಾಯಿತು. ಮರುದಿನ ಮುಂಜಾನೆ ಹತ್ತೂವರೆಗೆ ಕಡೆಗೂ ಒಬ್ಬರು ಎತ್ತಿದರು. “ಹೌದ್ರಿ, ಈಗ ಐದು ಮಾಡ್ಯಾರ. ತುಂಬಿದ ಮರುದಿನ ಬಂದ್ರ ನಮ್ಮ ಕೈಯಾಗ ಏನೂ ಇಲ್ಲ. ವರದಿ ಎಲ್ಲಾ ಹಚ್ಚಿರಬೇಕು ಮತ್ತ,” ಎಂದರು. ಅವರು ಹೇಳಿದ ಒಂದೊಂದು ವರದಿಯ ಹೆಸರನ್ನೂ ನಾನು ಬರೆದುಕೊಂಡೆ, ತಿರುಗಿ ಓದಿ ಹೇಳಿದೆ, ಅವರ ಹುದ್ದೆ ಕೇಳಿ ಬರೆದೆ, ಗಡಿಯಾರ ನೋಡಿ ವೇಳೆ ಬರೆದೆ.

ಭಾಬಿ ಆ ಚೀಟಿ ಹಿಡಿದು ಅಂದು ಮಧ್ಯಾಹ್ನದ ಗದಗ ಬಸ್ಸಿಗೇ ಹೊರಟಳು. ಮದುವೆ ಮನೆಗಳ ಗಿರಾಕಿಯನ್ನೆಲ್ಲ, ಮಲಾರದ ಸಮೇತ, ನಾದಿನಿಗೆ ಒಪ್ಪಿಸಿದಳು. “ಸಿಟ್ಟ ಮಾಡ್ಕೋಬ್ಯಾಡ ಭಾಬಿ, ನಾನ ನಿನಗ ತಪ್ಪ ಹೇಳಿದ್ದೆ,” ಎಂದೆ ಬಸ್ ಸ್ಟಾಪಿನಲ್ಲಿ. “ಸಿಟ್ಟ ಮಾಡಾಕ ವ್ಯಾಳೆ ಎಲ್ಲೈತ್ರಿ ಅಕ್ಕಾರ? ಐದ ವಾರ ಅಷ್ಟ ಉಳದೈತಿ,” ಎಂದು ಮಗಳನ್ನು ಎತ್ತಿಕೊಂಡು ಬಸ್ಸು ಹತ್ತಿದಳು.

ನಾನು ತಿರುಗಿ ಬಂದು ಫೈಲಿನ ಮುಂದೆ ಕೂತೆ. ಆ ಶುಕ್ರವಾರ ತಪಾಸಣೆ ಇತ್ತು. ಇಡೀ ತಾಲೂಕಿಗೆ ಮಾದರಿಯೆಂದು ಈ ಫೈಲನ್ನು ತೋರಿಸುವುದಾಗಿ ಮೇಲಿನವರು ಮೊದಲೇ ಹೇಳಿ ಕಳಿಸಿದ್ದರು. ಮಾಸ್ತರರು ನನ್ನ ಮುಖ ನೋಡಿಯೇ ತಿಳಿದುಕೊಂಡರು. “ತಪಾಸಣಿ ಮುಗೀಲಿ ಅಕ್ಕಾರ, ಆಮ್ಯಾಲೆ ಸಾವಕಾಶ ತಗೀರಿ. ಯಾರ ಓದಿ ನೋಡ್ತಾರ?”

“ಭಾಬಿ ಓದಿದ್ಲಲ್ರಿ,” ಎಂದೆ.

ಆ ದಿನ, ಮರುದಿನ, ಅದರ ಮರುದಿನ, ಒಂದೊಂದೇ ಹಾಳೆ ತೆಗೆದು ಅದರ ಮೂಲ ಹುಡುಕಿದೆ. ಕೆಲವು ತಾಣಗಳು ಮುಚ್ಚಿಹೋಗಿದ್ದವು. ಕೆಲವು ಅದೇ ಹೆಸರಿನಲ್ಲಿ ಬೇರೇನನ್ನೋ ಮಾರುತ್ತಿದ್ದವು. ಮೆಣಸಿನಗಿಡದ ಔಷಧಿ ಬರೆದಿದ್ದವರು ಆ ಔಷಧಿಯನ್ನೇ ಮಾರುವವರು. ಫೈಲಿನಲ್ಲಿ ಉಳಿದದ್ದು ಮೂರರಲ್ಲಿ ಒಂದು ಪಾಲೂ ಅಲ್ಲ.

ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಝೆರಾಕ್ಸ್ ಒಯ್ದವರ ಹೆಸರು ದಿನವಹಿಯಲ್ಲಿ ಇದ್ದವಲ್ಲ. ಸಂಜೆ ಗ್ರಂಥಾಲಯಕ್ಕೆ ಕೀಲಿ ಹಾಕಿ ಮನೆಮನೆಗೆ ಹೊರಟೆ. ಬಹಳ ಮಂದಿ ಹಾಳೆ ಎಲ್ಲಿಟ್ಟಿದ್ದರೋ ಅವರಿಗೇ ನೆನಪಿರಲಿಲ್ಲ. ಆದರೆ ಊರ ಆಚೆಯ ಓಣಿಯಲ್ಲಿ ಒಬ್ಬ ಹಿರಿಯ ರೈತರು, ಹಾವು ಕಡಿತದ ಹಾಳೆಗೆ ಗಾಜು ಕೂಡಿಸಿ, ಹೊಲಕ್ಕೆ ಹೋಗುವ ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದರು. ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯಿರಿ, ಬ್ಲೇಡಿನಿಂದ ಕೊಯ್ಯಿರಿ ಎಂದು ಅದರಲ್ಲಿತ್ತು. ಹಾಗೆ ಮಾಡಲೇಬಾರದು ಎಂದು ನಾನು ಹಿಂದಿನ ದಿನ ಎರಡು ಕಡೆ ಓದಿ, ನಮ್ಮ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ಬಂದಿದ್ದೆ. ಅಲುಗಾಡಿಸದೆ, ಕಟ್ಟದೆ, ಕೊಯ್ಯದೆ, ಕೂಡಲೇ ದವಾಖಾನೆಗೆ ಒಯ್ಯಬೇಕು.

“ಅದನ್ನ ತಗೀರಿ ಕಾಕಾ, ತಪ್ಪೈತಿ,” ಎಂದೆ.

“ತಪ್ಪ? ಅದರ ಮ್ಯಾಲೆ ಸಿಕ್ಕಾ ಐತಲ್ಲವಾ!”

“ಸಿಕ್ಕಾ ಒತ್ತಿದಾಕಿ ನಾನ ಕಾಕಾ. ನಾನ ಹೇಳಾಕತ್ತೀನಿ.”

“ನೀ ಬಾಯಿಲೆ ಹೇಳ್ತಿ. ಅದು ಕಾಗದದ ಮ್ಯಾಲೆ ಐತಿ,” ಎಂದರು ಅವರು. ಕೊಡಲು ಮನಸ್ಸಿರಲಿಲ್ಲ. ಅರ್ಧ ತಾಸು ಕೂತು, ಎರಡು ಸಲ ಚಹಾ ಕುಡಿದು, ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿಸಿದ ಮೇಲೆ ಗಾಜು ಕೆಳಗಿಳಿಯಿತು. ಮನೆಗೆ ನಡೆಯುವಾಗ ಆ ಗಾಜಿನ ಚೌಕಟ್ಟು ಕಂಕುಳಲ್ಲಿ ಭಾರವಾಗಿತ್ತು. ಪುಸ್ತಕಕ್ಕೆ ಒತ್ತುವ ಸಿಕ್ಕಾ, ‘ಇದು ನಮ್ಮ ಪುಸ್ತಕ’ ಎಂದಷ್ಟೇ ಹೇಳುತ್ತದೆ. ಹಾಳೆಗೆ ಒತ್ತಿದಾಗ ಊರು ಅದನ್ನು ‘ಇದು ಸತ್ಯ’ ಎಂದು ಓದಿತ್ತು. ಅಷ್ಟು ದಿನ ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಶುಕ್ರವಾರ ತಪಾಸಣೆಗೆ ಬಂದ ಅಧಿಕಾರಿ ತೆಳ್ಳನೆಯ ಫೈಲು ನೋಡಿ, “ಉಳಿದವು ಎಲ್ಲಿ?” ಎಂದು ಕೇಳಿದರು. ತಪ್ಪಿದ್ದವು, ತೆಗೆದೆ ಎಂದೆ. ಅವರು ನನ್ನ ಕಡೆ ಒಮ್ಮೆ, ಫೈಲಿನ ಕಡೆ ಒಮ್ಮೆ ನೋಡಿ, ಭೇಟಿ ಪುಸ್ತಕದಲ್ಲಿ ‘ಪಟ್ಟಿ ಅಪೂರ್ಣವಾಗಿದೆ’ ಎಂದು ಬರೆದು ಹೋದರು. ಬರೆದದ್ದು ಸುಳ್ಳೇನಲ್ಲ. ಅದು ಇವತ್ತಿಗೂ ಅಪೂರ್ಣವೇ.

ಹೊಸ ರಿಜಿಸ್ಟರನ್ನು ನಾನು ಪೆನ್ಸಿಲಿನಲ್ಲಿ ಬರೆಯಲು ಶುರು ಮಾಡಿದೆ. ವಿಷಯವಾರು ಪುಟ ಬಿಟ್ಟು, ಪ್ರತಿ ತಾಣದ ಮುಂದೆ ಯಾರ ಮಾತು, ಯಾವಾಗಿನದು, ಅವರಿಗೆ ಇದರಿಂದ ಏನು ಸಿಗುತ್ತದೆ, ಬೇರೆ ಗೋದಾಮಿನವರು ಯಾರಾದರೂ ಇದೇ ಮಾತು ಹೇಳುತ್ತಾರೆಯೇ ಎಂದು ಬರೆಯುತ್ತೇನೆ. ‘ಗೋದಾಮು’ ಎಂದೇ ಬರೆದಿದ್ದೇನೆ. ಅದಕ್ಕಿಂತ ಒಳ್ಳೆಯ ಶಬ್ದ ನನಗೆ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಕೊನೆಯ ಅಂಕಣದಲ್ಲಿ ನಾನು ಕಡೆಯ ಸಲ ತೆರೆದು ನೋಡಿದ ದಿನ. ಪ್ರತಿ ಶನಿವಾರ ಒಂದು ವಿಷಯದ ತಾಣಗಳನ್ನು ಮತ್ತೆ ತೆರೆದು, ಆ ದಿನವನ್ನು ಅಳಿಸಿ ಹೊಸದು ಬರೆಯುತ್ತೇನೆ. ಸರಕಾರಿ ಕೆಲಸದ ಪುಟವಾದರೆ ಮೊದಲು ತಾಲೂಕಿನ ಪಟ್ಟಿಗೆ ಹೋಗುತ್ತೇನೆ. ಲಕ್ಷ್ಮೇಶ್ವರ ಇಲ್ಲದಿದ್ದರೆ ಹೊಸ ಪುಟ ಎಲ್ಲಿದೆ ಎಂದು ಹುಡುಕುತ್ತೇನೆ.

ಆ ಐದು ವಾರ ಭಾಬಿ ಪಟ್ಟ ಪಾಡನ್ನು ನಾನು ಫೋನಿನಲ್ಲಷ್ಟೇ ಕೇಳಿದೆ. ಒಂದು ಪರೀಕ್ಷೆಗೆ ಮಗು ಮಲಗಿರಬೇಕು. ಹುಡುಗಿ ಮಲಗಲಿಲ್ಲ, ಮತ್ತೊಂದು ದಿನ ಹೋಗಬೇಕಾಯಿತು. ಒಂದು ವರದಿಯಲ್ಲಿ ತಂದೆಯ ಹೆಸರು ತಪ್ಪಾಗಿತ್ತು. ಕೌಂಟರ್ ಬಿಟ್ಟು ಕದಲದೆ ಅಲ್ಲೇ ತಿದ್ದಿಸಿಕೊಂಡಳು. ಸ್ಕ್ಯಾನಿನ ಸರತಿ ಮುಂದಿನ ತಿಂಗಳು ಎಂದಾಗ, ನಾನು ಬರೆದುಕೊಟ್ಟಿದ್ದ ಚೀಟಿ ಹಿಡಿದು, ಹುಟ್ಟಿದ ದಿನದ ದಾಖಲೆ ಹಿಡಿದು, ದೊಡ್ಡ ಡಾಕ್ಟರು ಊಟಕ್ಕೆ ಹೊರಡುವ ಬಾಗಿಲಲ್ಲಿ ನಿಂತು ದಿನ ಗೊತ್ತುಮಾಡಿಸಿಕೊಂಡಳು. ಒಂದು ದಿನ ಮಧ್ಯಾಹ್ನ ಅವಳ ಫೋನು ಬಂತು.

“ಅಕ್ಕಾರ, ತಗೊಂಡ್ರು.”

“ಸ್ವೀಕೃತಿ ಕೊಟ್ರೇನು?”

“ಕೊಟ್ಟಾರ್ರಿ. ತಾರೀಖು ನೋಡೇನಿ, ಹೆಸರು ನೋಡೇನಿ, ಸಹಿ ಮಾಡಿದವರ್ನೂ ನೋಡೇನಿ,” ಎಂದು ನಗುತ್ತಲೇ ಅತ್ತಳು. ಹುಟ್ಟಿದ ದಿನಕ್ಕೆ ಒಂಬತ್ತು ದಿನ ಬಾಕಿ ಇತ್ತು.

ಆಪರೇಷನ್ ಹುಬ್ಬಳ್ಳಿಯಲ್ಲಿ ಆಯಿತು. ಆಮೇಲೆ ಕೆಲವು ತಿಂಗಳು ಅವರು ಊರಿನಲ್ಲಿ ಕಂಡದ್ದು ಕಡಿಮೆ. ಯಂತ್ರ ಕೂಡಿಸಿದ ಮಾತ್ರಕ್ಕೆ ಮಾತು ಬರುವುದಿಲ್ಲ. ಕೂಸಿನ ಹಾಗೆ ಮೊದಲಿನಿಂದ ಕಲಿಸಬೇಕು. ಮನೆಯಲ್ಲಿ ಏನೇನು ಮಾಡಿಸಬೇಕೆಂದು ಹುಡುಕಲು ಭಾಬಿ ಮತ್ತೆ ಗ್ರಂಥಾಲಯಕ್ಕೆ ಬರತೊಡಗಿದಳು. ಈಗ ಮೌಸು ಅವಳ ಕೈಯಲ್ಲೇ.

ಒಂದು ದಿನ ನಾವಿಬ್ಬರೂ ಹೀಗೆ ಹುಡುಕುತ್ತಿದ್ದಾಗ ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿಯ ಲೌಡ್‌ಸ್ಪೀಕರ್ ಕೂಗಿತು. ಪಡಸಾಲೆಯಲ್ಲಿ ಚಿತ್ರದ ಪುಸ್ತಕ ತಿರುವುತ್ತಿದ್ದ ಹುಡುಗಿ ಪುಸ್ತಕ ಬಿಟ್ಟು ಓಡಿಬಂದಳು. ನನ್ನ ಸೀರೆಯ ಸೆರಗು ಜಗ್ಗಿ, ಬಾಗಿಲ ಕಡೆ ಬೆರಳು ಮಾಡಿ, ಹುಬ್ಬು ಮೇಲೆತ್ತಿ ನಿಂತಳು. ಅದೇನು ಎಂದು ಅವಳು ವಿಚಾರಿಸುತ್ತಿದ್ದಳು.

“ಪಾತ್ರೆ ಮಾರಾವ ಇರಬೇಕು,” ಎಂದು ಹೇಳಲು ನಾನು ಬಾಯಿ ತೆರೆದೆ. ದನಿ ದೂರವಿತ್ತು, ಮಾತು ಸ್ಪಷ್ಟವಿರಲಿಲ್ಲ. ಈ ಹುಡುಗಿಗೆ ಒಂದು ಸಪ್ಪಳದ ಹೆಸರು ಮೊದಲ ಸಲ ಗೊತ್ತಾಗುವುದಿದೆ. ಅಂದಾಜಿನ ಮೇಲೆ ಹೇಳುವ ಧೈರ್ಯ ಬರಲಿಲ್ಲ. ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ರಸ್ತೆಯ ತನಕ ಹೋದೆ. ಗಾಡಿ ತಿರುವಿನಿಂದ ನಿಧಾನವಾಗಿ ಬಂದು ನಮ್ಮೆದುರು ನಿಂತಿತು. ಹಿಂದೆ ಬಿಳಿ ಚೀಲಗಳ ರಾಶಿ, ಬಾಯಿ ಬಿಚ್ಚಿದ ಒಂದರಲ್ಲಿ ಹರಳು ಕಾಣುತ್ತಿತ್ತು.

ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳಿಗೆ ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದೆ: “ಉಪ್ಪು.”

ಹುಡುಗಿ ಗಾಡಿ ನೋಡಿದಳು, ಚೀಲ ನೋಡಿದಳು, ನನ್ನ ತುಟಿ ನೋಡಿದಳು. ಆಮೇಲೆ ತನ್ನ ಎರಡೂ ತುಟಿ ಬಿಗಿಯಾಗಿ ಕೂಡಿಸಿ, ತಟ್ಟನೆ ಬಿಟ್ಟಳು.

“ಪ್ಪು.”